ಕಲ್ಯಾಣದ ಆ ಮದುವಣಗಿತ್ತಿ

ಇಂಗಳೇಶ್ವರ ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರು. ಬಾಗೇವಾಡಿ ಸೀಮೆಯ ಹೆಣ್ಣುಮಕ್ಕಳು ಈ ಊರಿನ ಹೆಸರನ್ನು ಅಜ್ಜಿಯ ಮನೆಯ ಸಲಿಗೆಯಿಂದಲೇ ಹೇಳುತ್ತಾರೆ. ಊರಿನ ಗುಡ್ಡ ಹತ್ತಿ ಬಂದವರು ಬಸವಣ್ಣನವರ ಅಕ್ಕ ನಾಗಮ್ಮನನ್ನು ನೆನೆಯದೆ ಇರುವುದಿಲ್ಲ. ಆ ಮಾತು ಕಲ್ಯಾಣಕ್ಕೆ ಹೊರಳಿ, ಕಡೆಗೆ ಒಂದು ಮದುವೆಯ ಮುಂದೆ ಬಂದು ನಿಲ್ಲುತ್ತದೆ.

ಹುಡುಗ ಶೀಲವಂತ, ಸಮಗಾರ ಹರಳಯ್ಯನ ಮಗ. ಹುಡುಗಿ ಲಾವಣ್ಯ, ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳು. ಎರಡು ಮನೆತನಗಳ ಹಗೆ, ನಡುವೆ ಪ್ರೀತಿ - ಇಂಥ ಕತೆಗಳನ್ನು ನಾವು ನಾಟಕ, ಸಿನಿಮಾಗಳಲ್ಲಿ ಬೇಕಾದಷ್ಟು ನೋಡಿದ್ದೇವೆ. ಅಲ್ಲಿ ಬೀಗರಾಗಬೇಕಾದವರೇ ಕತ್ತಿ ಹಿರಿಯುತ್ತಾರೆ. ಇಲ್ಲಿ ಹಾಗಲ್ಲ. ಇಬ್ಬರು ತಂದೆಯರೂ ಶರಣರು, ಇಬ್ಬರೂ ಒಪ್ಪಿದ್ದರು. ಹಗೆ ಹುಟ್ಟಿದ್ದು ಆ ಎರಡು ಮನೆಗಳ ಹೊರಗೆ. ದೂರು ಬಿಜ್ಜಳನವರೆಗೆ ಹೋಯಿತು. ತಂದೆಯರಿಬ್ಬರ ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಹೇಳುತ್ತಾರೆ.

ಇದರಲ್ಲಿ ಇತಿಹಾಸವೆಷ್ಟು? ಕಳಚುರಿ ಬಿಜ್ಜಳ 1162ರ ಹೊತ್ತಿಗೆ ಚಾಲುಕ್ಯರ ಅಧಿಕಾರವನ್ನು ಕೈಗೆ ತೆಗೆದುಕೊಂಡವನು. 1167-68ರ ಸುಮಾರಿಗೆ ಅವನ ಆಳಿಕೆ ಮುಗಿಯಿತು. ಅವನ ಕಾಲದ ಶಾಸನಗಳು ಈ ಮದುವೆಯ ಮಾತೆತ್ತುವುದಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಕಣ್ಣು ಕೀಳಿಸಿದ ಸಂಗತಿಯಿದೆ, ಮದುವೆಯಿಲ್ಲ. ಮದುವೆ ಬರುವುದು ಆಮೇಲಿನ ಪುರಾಣಗಳಲ್ಲಿ.

ಆದರೂ ಜನ ಇದನ್ನು ಬಿಡಲಿಲ್ಲ. ಯಾಕೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸಮಾನತೆಯ ಮಾತನ್ನು ಊರು ಕೇಳೀತು, ಒಂದೇ ಪಂಕ್ತಿಯ ಊಟವನ್ನೂ ಸಹಿಸೀತು. ಹೆಣ್ಣು ಕೊಟ್ಟು ತರುವ ಮಾತು ಬಂದಾಗಲೇ ನಿಜವಾದ ಪರೀಕ್ಷೆ. ಅದು ನಮಗೆ ನಿಮಗೆ ಗೊತ್ತಿಲ್ಲದ್ದೇನಲ್ಲ.

ಈ ಕಾಲದ ಕತೆಯನ್ನು 1971ರಲ್ಲಿ ಲಂಕೇಶರು 'ಸಂಕ್ರಾಂತಿ'ಯಲ್ಲಿ, 1990ರಲ್ಲಿ ಗಿರೀಶ ಕಾರ್ನಾಡರು 'ತಲೆದಂಡ'ದಲ್ಲಿ ರಂಗಕ್ಕೆ ತಂದರು. ಆದರೆ ನಾವು ಮನೆಗಳಲ್ಲಿ ಹೇಳುವ ಕತೆಯಲ್ಲಿ ರಾಜನ ಮಾತಿದೆ, ತಂದೆಯರ ತ್ಯಾಗವಿದೆ. ಲಾವಣ್ಯಳದು ಒಂದು ಮಾತೂ ಇಲ್ಲ. ಆಕೆಗೆ ಆ ಹುಡುಗ ಮೆಚ್ಚಿಗೆಯಾಗಿದ್ದನೇ? ಅರಿಸಿನ ಆರುವ ಮೊದಲೇ ತಂದೆಯನ್ನೂ ಮಾವನನ್ನೂ ಕಳೆದುಕೊಂಡವಳು ಎಲ್ಲಿಗೆ ಹೋದಳು?

ನಾಗಮ್ಮನ ದಾರಿಯನ್ನಾದರೂ ಜನ ನೆನಪಿಟ್ಟಿದ್ದಾರೆ. ಶರಣರು ಮಗ ಚೆನ್ನಬಸವಣ್ಣನ ಜೊತೆ ಸಹ್ಯಾದ್ರಿಯ ಕಾಡು ಹೊಕ್ಕು ಉಳವಿಯತ್ತ ನಡೆದರು. ಆಕೆ ತರೀಕೆರೆ ಬಳಿಯ ಎಣ್ಣೆಹೊಳೆಯಲ್ಲಿ ಐಕ್ಯಳಾದಳೆಂಬ ನಂಬಿಕೆಯಿದೆ. ಬಯಲುಸೀಮೆಯ ಹೆಣ್ಣುಮಗಳು ಮುಪ್ಪಿನಲ್ಲಿ ಗುಡ್ಡ ಹತ್ತಿಳಿದದ್ದು ಸಣ್ಣ ಮಾತಲ್ಲ.

2017ರಲ್ಲಿ, ಇದೇ ಜಿಲ್ಲೆಯಲ್ಲಿ, ಮನೆಯವರ ಮಾತು ಮೀರಿ ಮದುವೆಯಾದ ಗರ್ಭಿಣಿಯನ್ನು ತವರಿನವರೇ ಸುಟ್ಟು ಕೊಂದರೆಂಬ ಸುದ್ದಿ ಓದಿದೆ. ಅಂದು ತಂದೆ ಮಗಳ ಮದುವೆಗಾಗಿ ಕಣ್ಣು ಕೊಟ್ಟನೆಂದು ಹೇಳುವ ನಾಡಿದು. ಕತೆ ಹೇಳುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಮಗಳು ಒಂದು ಹೆಸರು ಹೇಳಿದ ದಿನ, ಸಿಟ್ಟಾಗದೆ ಪೂರ್ತಿ ಕೇಳುವುದನ್ನು ಇನ್ನೂ ಕಲಿಯಬೇಕಾಗಿದೆ.