ಗೆರಟೆ ಇದ್ದಿಲು ಹಾಕಿದರೆ ಬಾವಿಯ ಉಪ್ಪು ನೀರು ಸಿಹಿಯಾಗುತ್ತದೆಯೇ?

ಏಪ್ರಿಲ್-ಮೇ ಬಂತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಹೊಳೆಬದಿಯ ಅನೇಕ ಬಾವಿಗಳ ನೀರು ಉಪ್ಪಾಗುತ್ತದೆ. ಹೊಳೆಯ ಸಿಹಿನೀರಿನ ಹರಿವು ತಗ್ಗಿದಾಗ ಭರತದ ಜೊತೆ ಕಡಲ ನೀರು ಒಳನುಗ್ಗುತ್ತದೆ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಇರುವ ಮರವಂತೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅಂಥ ಹೊತ್ತಲ್ಲಿ "ತೆಂಗಿನ ಗೆರಟೆ ಸುಟ್ಟು ಇದ್ದಿಲನ್ನು ಬಾವಿಗೆ ಹಾಕಿ, ಉಪ್ಪನ್ನೆಲ್ಲ ಹೀರುತ್ತದೆ" ಎಂದು ಯಾರಾದರೂ ಹೇಳಿದರೆ ನಂಬುವ ಆಸೆಯಾಗುತ್ತದೆ. ಆದರೆ ಉಪ್ಪು ಹೋಗುವುದಿಲ್ಲ.

ಹಾಗೆಂದು ಗೆರಟೆ ಸಾಮಾನ್ಯ ವಸ್ತುವಲ್ಲ. ಅದರ ಇದ್ದಿಲಿಗೆ 800-1000 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹಬೆ ಹಾಯಿಸಿದರೆ 'ಆ್ಯಕ್ಟಿವೇಟೆಡ್ ಕಾರ್ಬನ್' ಸಿಗುತ್ತದೆ. ಅದರ ಒಂದೇ ಗ್ರಾಮಿನೊಳಗಿನ ರಂಧ್ರಗಳ ಗೋಡೆಗಳನ್ನು ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ 25 ಸೆಂಟ್ಸ್ ಜಾಗ! ಅಣುಗಳು ಈ ಗೋಡೆಗಳಿಗೆ ಅಂಟಿಕೊಳ್ಳುತ್ತವೆ. ಸ್ಪಂಜು ನೀರು ಹೀರಿದಂತಲ್ಲ ಇದು. ಇದರ ಹೆಸರು ಅಧಿಶೋಷಣೆ.

ಇದನ್ನು ಲೆಕ್ಕಕ್ಕೆ ತಂದವರಲ್ಲಿ ಮುಖ್ಯರು ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್. 1918ರಲ್ಲಿ ಅವರು ಪ್ರಕಟಿಸಿದ ಮಾದರಿಯನ್ನು ಬಸ್ಸಿಗೆ ಹೋಲಿಸಬಹುದು: ಒಂದು ಸೀಟಿಗೆ ಒಂದೇ ಅಣು, ಕೆಲವು ಹತ್ತುತ್ತವೆ, ಕೆಲವು ಇಳಿಯುತ್ತವೆ, ಭರ್ತಿಯಾದರೆ ಮುಗಿಯಿತು. 1938ರಲ್ಲಿ ಬ್ರೂನಾವರ್, ಎಮೆಟ್, ಟೆಲ್ಲರ್ ಮೂವರೂ ಅಣುಗಳು ಪದರದ ಮೇಲೆ ಪದರವಾಗಿ ಕೂರುವುದನ್ನೂ ಲೆಕ್ಕಕ್ಕೆ ಸೇರಿಸಿದರು. ಮೇಲಿನ 25 ಸೆಂಟ್ಸ್‌ನಂಥ ಅಂಕಿ ಬರುವುದು ಅವರ ಸೂತ್ರದಿಂದಲೇ.

ಆದರೆ ಸೀಟು ಖಾಲಿಯಿದ್ದ ಮಾತ್ರಕ್ಕೆ ಎಲ್ಲರೂ ಹತ್ತುವುದಿಲ್ಲ. ಬಣ್ಣ, ವಾಸನೆ ತರುವ ಅನೇಕ ಸಾವಯವ ವಸ್ತುಗಳು ಇಂಗಾಲಕ್ಕೆ ಚೆನ್ನಾಗಿ ಅಂಟುತ್ತವೆ. ಉಪ್ಪಿನ ಸೋಡಿಯಂ, ಕ್ಲೋರೈಡ್ ಅಯಾನುಗಳನ್ನು ನೀರಿನ ಅಣುಗಳು ಸುತ್ತುವರಿದು ಹಿಡಿದಿರುತ್ತವೆ. ಅವು ಗೋಡೆಯ ಕಡೆ ತಿರುಗಿಯೂ ನೋಡುವುದಿಲ್ಲ ಎನ್ನಬಹುದು. ಒಲೆಯ ಇದ್ದಿಲಿನಲ್ಲಂತೂ ಅಷ್ಟು ರಂಧ್ರಗಳೂ ಇಲ್ಲ. ಅದರ ಬೂದಿಯಲ್ಲಿರುವ ಲವಣ ಕರಗಿ ನೀರಿನ ಟಿಡಿಎಸ್ ತುಸು ಏರಲೂಬಹುದು. ಅನುಮಾನವಿದ್ದರೆ ಒಂದು ಬಕೆಟ್ ನೀರಿಗೆ ಇದ್ದಿಲು ಹಾಕಿ, ಮೊದಲು ಮತ್ತು ಮರುದಿನ ಟಿಡಿಎಸ್ ಮೀಟರ್ ಇಟ್ಟು ನೋಡಿ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು; ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ. ಉಪ್ಪು ನೀರನ್ನು ಕುದಿಸಿದರೆ ಉಪ್ಪು ಹೋಗದು, ನೀರು ಆರಿ ಇನ್ನಷ್ಟು ಗಟ್ಟಿಯಾಗುತ್ತದೆ. ಮನೆಯಲ್ಲಿ ರಕ್ತದೊತ್ತಡ ಇರುವವರಿದ್ದರೆ ಅವರಿಗೆ ಬೇರೆ ಕಡೆಯ ಸಿಹಿನೀರನ್ನೇ ಕೊಡಿ.

"ಆರ್‌ಓ ಯಂತ್ರದಲ್ಲೂ ಇದ್ದಿಲು ಇದೆಯಲ್ಲ?" ಎಂದು ಕೇಳಬಹುದು. ಇದೆ, ಆದರೆ ಅದು ಕ್ಲೋರಿನ್, ವಾಸನೆ ತೆಗೆಯಲು. ಉಪ್ಪನ್ನು ತಡೆಯುವುದು ಅದರ ಮುಂದಿನ ಪೊರೆ. ಆ ಇದ್ದಿಲಿನ ಕಾರ್ಟ್ರಿಡ್ಜನ್ನೂ ಆಗಾಗ ಬದಲಿಸಬೇಕು, ಸೀಟುಗಳು ಭರ್ತಿಯಾಗಿರುತ್ತವೆ.