ಪ್ರತಿ ಬರೆದು ಬಾಳಿದ ಪಂಡಿತನು

ಸ್ವಂತ ಕೈಯಿಂದ ದುಡಿದು ಉಣ್ಣುವ ಅನ್ನವೇ ಶ್ರೇಷ್ಠವೆಂಬುದು ಪೈಗಂಬರ ಮಹಮ್ಮದರ ಬೋಧೆ. ಕೆಲಸಕ್ಕೆ ಮೊದಲೇ ಪ್ರತಿಫಲವು ಗೊತ್ತಾಗಿರಬೇಕೆಂಬುದು ಇಸ್ಲಾಂ ಧರ್ಮಶಾಸ್ತ್ರದ ವಿಧಿ. ಯಾರ ಊಳಿಗಕ್ಕೂ ಸೇರದೆ ಹೀಗೆ ಬಾಳಿದವರಲ್ಲಿ ಇಬ್ನ್ ಅಲ್ ಹೈಥಮನು ಸ್ಮರಣೀಯನು.

ಕ್ರಿ. ಶ. 965ರ ಸುಮಾರಿಗೆ ಬಸ್ರಾದಲ್ಲಿ ಜನಿಸಿದ ಈ ಗಣಿತಜ್ಞನನ್ನು, ನೈಲ್ ನದಿಯ ಪ್ರವಾಹವನ್ನು ಹತೋಟಿಗೆ ತರಲೆಂದು ಖಲೀಫ ಅಲ್ ಹಾಕಿಮನು ಈಜಿಪ್ಟಿಗೆ ಕರೆಯಿಸಿದನು. ಕಾರ್ಯವು ಅಸಾಧ್ಯವೆಂದು ಕಂಡ ಪಂಡಿತನು ದೊರೆಯ ಕೋಪಕ್ಕೆ ಅಂಜಿ ಹುಚ್ಚನಂತೆ ನಟಿಸಿದನೆಂದು 13ನೆಯ ಶತಮಾನದ ಚರಿತ್ರಕಾರ ಇಬ್ನ್ ಅಲ್ ಕಿಫ್ತಿಯು ಬರೆದಿರುವನು. 1021ರಲ್ಲಿ ಖಲೀಫನು ಕಣ್ಮರೆಯಾದ ಬಳಿಕವೇ ಆ ವೇಷವು ಕಳಚಿತು.

ಅನಂತರ ಕೈರೋವಿನ ಅಲ್ ಅಜ್‌ಹರ್ ಮಸೀದಿಯ ಬಳಿ ನೆಲಸಿದ ಆತನು ಪ್ರತಿವರ್ಷವೂ ಯೂಕ್ಲಿಡನ ರೇಖಾಗಣಿತವನ್ನೂ, ಟಾಲೆಮಿಯ ಖಗೋಳಗ್ರಂಥವನ್ನೂ, ಇವೆರಡರ ನಡುವೆ ಓದತಕ್ಕ ಪ್ರಬಂಧಗಳನ್ನೂ ಪ್ರತಿಮಾಡಿ 150 ದೀನಾರುಗಳಿಗೆ ಮಾರುತ್ತಿದ್ದನಂತೆ. ಬೆಲೆಯು ನಿಶ್ಚಿತ, ಚೌಕಾಸಿಗೆ ಎಡೆಯಿರಲಿಲ್ಲ. ಅದರಿಂದಲೇ ವರ್ಷದ ಗ್ರಾಸವು ಸಾಗುತ್ತಿತ್ತು. ಉಳಿದ ವೇಳೆಯು ಶಾಸ್ತ್ರಚಿಂತನೆಗೆ ಮೀಸಲಾಗಿತ್ತು.

ದೃಷ್ಟಿಶಾಸ್ತ್ರದಲ್ಲಿ ಯೂರೋಪಿಗೂ ಗುರುವೆನಿಸಿದ ಈ ಮಹನೀಯನಿಗೆ ರಾಜಾಶ್ರಯದಲ್ಲಿ ದೊರೆಯದ ನಿರ್ಭಯವು ತನ್ನ ಲೇಖನಿಯ ದುಡಿಮೆಯಲ್ಲಿ ದೊರೆಯಿತು.