ಶರಾವತಿಯಿಂದ ತೇಜಸ್‌ವರೆಗೆ: ಮನುಷ್ಯನನ್ನೂ ಒಳಗೊಂಡ ಸಿಮ್ಯುಲೇಟರ್‌ಗಳು

ಸಾಗರ ತಾಲ್ಲೂಕಿನ ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ತೆರಳುವವರು ದಶಕಗಳ ಕಾಲ ಅಂಬಾರಗೋಡ್ಲು ದಡದಲ್ಲಿ ಲಾಂಚ್‌ಗಾಗಿ ಕಾಯಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಗೊಂಡ ನಂತರ ಆ ಕಾಯುವಿಕೆ ತಪ್ಪಿದೆ. ಸೇತುವೆಯ ಕೆಳಗೆ ಹರಡಿಕೊಂಡಿರುವುದು ಲಿಂಗನಮಕ್ಕಿ ಜಲಾಶಯದ ಹಿನ್ನೀರು. 1964ರಲ್ಲಿ ನಿರ್ಮಾಣಗೊಂಡ ಈ ಅಣೆಕಟ್ಟೆಗಾಗಿ ಕಣಿವೆಯ ಸಾವಿರಾರು ಕುಟುಂಬಗಳು ಮನೆ, ತೋಟ, ಗದ್ದೆಗಳನ್ನು ತೊರೆದವು. ಆ ತ್ಯಾಗದ ನೀರು ತಳಕಳಲೆ ಸಮತೋಲನ ಜಲಾಶಯದ ಮೂಲಕ ಶರಾವತಿ ವಿದ್ಯುದಾಗಾರವನ್ನು ತಲುಪಿ, ತಲಾ 103.5 ಮೆಗಾವ್ಯಾಟ್ ಸಾಮರ್ಥ್ಯದ 10 ಘಟಕಗಳನ್ನು ತಿರುಗಿಸುತ್ತದೆ. ಒಟ್ಟು 1,035 ಮೆಗಾವ್ಯಾಟ್ ಸಾಮರ್ಥ್ಯದ ಇದು ರಾಜ್ಯದ ಅತಿ ದೊಡ್ಡ ಜಲವಿದ್ಯುತ್ ಕೇಂದ್ರ.

2016ರ ಫೆಬ್ರವರಿಯಲ್ಲಿ ಈ ವಿದ್ಯುದಾಗಾರದಲ್ಲಿ ಬೆಂಕಿ ಅವಘಡ ಸಂಭವಿಸಿ ಉತ್ಪಾದನೆ ನಿಂತುಹೋಯಿತು. ಅಂತಹ ಗಳಿಗೆಯಲ್ಲಿ ಯಾವ ಕೇಂದ್ರವನ್ನು ಚಾಲನೆಗೊಳಿಸಬೇಕು, ಎಲ್ಲಿ ಹೊರೆಯನ್ನು ಇಳಿಸಬೇಕು ಎಂಬುದನ್ನು ನಿಮಿಷಗಳಲ್ಲಿ ನಿರ್ಧರಿಸುವವರು ನಿಯಂತ್ರಣ ಕೊಠಡಿಯ ನಿರ್ವಾಹಕರು. ಆದರೆ ಅವರಿಗೆ ಈ ವಿದ್ಯೆ ಕಲಿಸುವುದು ಹೇಗೆ? ಪಾಠಕ್ಕಾಗಿ ರಾಜ್ಯವನ್ನು ಕತ್ತಲೆಗೆ ದೂಡಲಾಗದು. ಈ ಪ್ರಶ್ನೆಗೆ ತಂತ್ರಜ್ಞಾನ ಕಂಡುಕೊಂಡ ಉತ್ತರವೇ ಮನುಷ್ಯನನ್ನೂ ಒಳಗೊಂಡ ಸಿಮ್ಯುಲೇಟರ್.

ಏನಿದು ವ್ಯವಸ್ಥೆ?

ಒಂದು ಯಂತ್ರದ ಅಥವಾ ಜಾಲದ ವರ್ತನೆಯನ್ನು ಗಣಿತದ ಸಮೀಕರಣಗಳ ಮೂಲಕ ಗಣಕದಲ್ಲಿ ಮರುಸೃಷ್ಟಿಸುವುದೇ ಸಿಮ್ಯುಲೇಷನ್. ಸಾಮಾನ್ಯ ಸಿಮ್ಯುಲೇಷನ್‌ನಲ್ಲಿ ಮಾಹಿತಿಯನ್ನು ಕೊಟ್ಟು ಫಲಿತಾಂಶಕ್ಕೆ ಕಾಯಲಾಗುತ್ತದೆ. ಮನುಷ್ಯನನ್ನು ಒಳಗೊಂಡ ಬಗೆಯಲ್ಲಿ ಹಾಗಲ್ಲ. ನಿರ್ವಾಹಕ ಪರದೆಯನ್ನು ನೋಡಿ ಗುಂಡಿ ಒತ್ತುತ್ತಾನೆ, ಗಣಕ ಅದರ ಪರಿಣಾಮವನ್ನು ಲೆಕ್ಕ ಹಾಕಿ ಮರುಕ್ಷಣವೇ ತೋರಿಸುತ್ತದೆ, ಅದನ್ನು ಕಂಡು ಆತ ಮತ್ತೊಂದು ನಿರ್ಧಾರ ಕೈಗೊಳ್ಳುತ್ತಾನೆ. ಮನುಷ್ಯನೂ ಈ ಆವರ್ತನದ ಒಂದು ಕೊಂಡಿ. ಆದ್ದರಿಂದ ಲೆಕ್ಕಾಚಾರ ನೈಜ ಕಾಲದ ವೇಗದಲ್ಲೇ ನಡೆಯಬೇಕು. ತುಸು ವಿಳಂಬವಾದರೂ ನಿರ್ವಾಹಕನ ಕೈ ತಪ್ಪು ಪಾಠ ಕಲಿಯುತ್ತದೆ.

ಇಂತಹ ಅಭ್ಯಾಸಗಳನ್ನು ತಜ್ಞರು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ನಿಜವಾದ ಜನರು ನಿಜವಾದ ಸಲಕರಣೆಗಳೊಂದಿಗೆ ನಡೆಸುವ ಅಣಕು ಕಾರ್ಯಾಚರಣೆ ಮೊದಲನೆಯದು. ನಿಜವಾದ ಜನರು ಕೃತಕ ಯಂತ್ರವನ್ನು ನಡೆಸುವುದು ಎರಡನೆಯದು. ಜನರನ್ನೂ ಗಣಕವೇ ಕಲ್ಪಿಸಿಕೊಳ್ಳುವುದು ಮೂರನೆಯದು. ಈ ಲೇಖನದ ವಸ್ತು ಮುಖ್ಯವಾಗಿ ಎರಡನೆಯ ಬಗೆ.

ಇದರ ಇತಿಹಾಸ ಹಳೆಯದು. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ಗಾಳಿಯೊತ್ತಡದಿಂದ ಅಲುಗಾಡುವ ಪುಟ್ಟ ವಿಮಾನದಂತಹ ತರಬೇತಿ ಯಂತ್ರವನ್ನು ರೂಪಿಸಿದ. ಮೊದಲಿಗೆ ಅದನ್ನು ಆಟಿಕೆಯೆಂದು ಕಂಡವರೇ ಹೆಚ್ಚು. 1934ರಲ್ಲಿ ಅಂಚೆ ಸಾಗಿಸುವ ಹೊಣೆ ಹೊತ್ತ ಅಮೆರಿಕದ ಸೇನಾ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಸಾಲುಸಾಲಾಗಿ ಅಪಘಾತಕ್ಕೀಡಾದ ನಂತರವಷ್ಟೇ ಸೇನೆ ಆ ಯಂತ್ರಗಳನ್ನು ಖರೀದಿಸಿತು.

ವಿದ್ಯುತ್ ಜಾಲದ ಪಾಠಶಾಲೆ

ವಿದ್ಯುತ್ತನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಡುವುದು ಕಷ್ಟ. ಉತ್ಪಾದನೆ ಮತ್ತು ಬಳಕೆ ಪ್ರತಿ ಕ್ಷಣವೂ ಸರಿದೂಗಬೇಕು. ದೂಗದಿದ್ದರೆ 50 ಹರ್ಟ್ಸ್‌ನಲ್ಲಿರಬೇಕಾದ ಜಾಲದ ಆವರ್ತಾಂಕ ಏರುಪೇರಾಗುತ್ತದೆ. ಕರ್ನಾಟಕದ ಈ ತೂಗುವಿಕೆಯನ್ನು ನೋಡಿಕೊಳ್ಳುವ ರಾಜ್ಯ ಹೊರೆ ರವಾನೆ ಕೇಂದ್ರವೂ ಇಡೀ ದಕ್ಷಿಣ ಭಾರತದ ಪ್ರಾದೇಶಿಕ ಕೇಂದ್ರವೂ ಬೆಂಗಳೂರಿನಲ್ಲಿಯೇ ಇವೆ. ಉಷ್ಣ ವಿದ್ಯುತ್ ಘಟಕವನ್ನು ತಣ್ಣಗಿನ ಸ್ಥಿತಿಯಿಂದ ಎಬ್ಬಿಸಲು ಗಂಟೆಗಳೇ ಬೇಕು. ಶರಾವತಿಯಂತಹ ಜಲವಿದ್ಯುತ್ ಘಟಕಗಳಿಗೆ ಕೆಲವೇ ನಿಮಿಷ ಸಾಕು. ಹೀಗಾಗಿ ಸಂಕಟ ಬಂದಾಗ ನಿರ್ವಾಹಕರ ಕಣ್ಣು ಮೊದಲು ಹೊರಳುವುದು ಇಂತಹ ಕೇಂದ್ರಗಳತ್ತ.

ಹೊರೆ ರವಾನೆಯ ಸಿಮ್ಯುಲೇಟರ್‌ನಲ್ಲಿ ಜಾಲದ ಎಲ್ಲ ಮಾರ್ಗಗಳು, ಉಪಕೇಂದ್ರಗಳು, ಘಟಕಗಳ ಪ್ರತಿರೂಪವಿರುತ್ತದೆ. ಜಾಲದ ನೈಜ ಸ್ಥಿತಿಯ ಒಂದು ಕ್ಷಣವನ್ನು ಉಳಿಸಿಕೊಂಡು ಅಲ್ಲಿಂದಲೇ ಪಾಠ ಆರಂಭಿಸಬಹುದು. ಬೋಧಕ ಬೇರೆಡೆ ಕುಳಿತು ಒಂದು ಮಾರ್ಗವನ್ನು ಕಡಿದುಹಾಕುತ್ತಾನೆ, ಒಂದು ಘಟಕವನ್ನು ನಿಲ್ಲಿಸುತ್ತಾನೆ. ಕಲಿಯುವವನ ಪರದೆಯ ಮೇಲೆ ಎಚ್ಚರಿಕೆಗಳ ಸುರಿಮಳೆಯಾಗುತ್ತದೆ. ಆತ ಯಾವುದನ್ನು ಮೊದಲು ಗಮನಿಸಿದ, ಯಾರಿಗೆ ಕರೆ ಮಾಡಿದ, ಎಷ್ಟು ಹೊತ್ತು ತಡೆದ ಎಂಬುದೆಲ್ಲ ದಾಖಲಾಗುತ್ತದೆ. ಅಭ್ಯಾಸ ಮುಗಿದ ಮೇಲಿನ ಚರ್ಚೆಯಲ್ಲೇ ನಿಜವಾದ ಕಲಿಕೆ ಇರುವುದು.

ಇದರ ಅಗತ್ಯವನ್ನು ದೇಶಕ್ಕೆ ಮನವರಿಕೆ ಮಾಡಿಕೊಟ್ಟದ್ದು 2012ರ ಜುಲೈ 30 ಮತ್ತು 31. ಸತತ ಎರಡು ದಿನ ಜಾಲ ಕುಸಿಯಿತು. ಎರಡನೆಯ ದಿನ ಉತ್ತರ, ಪೂರ್ವ, ಈಶಾನ್ಯ ವಲಯಗಳು ಕತ್ತಲಲ್ಲಿ ಮುಳುಗಿ, ಸುಮಾರು 48,000 ಮೆಗಾವ್ಯಾಟ್ ಹೊರೆ ಕಡಿದುಹೋಯಿತು. 60 ಕೋಟಿಗೂ ಹೆಚ್ಚು ಜನ ತೊಂದರೆಗೊಳಗಾದರು. ದಕ್ಷಿಣ ಜಾಲ ಅಂದು ಪಾರಾಯಿತು, ಏಕೆಂದರೆ ಅದು ಉಳಿದ ದೇಶದೊಂದಿಗೆ ಏಕ ಆವರ್ತಾಂಕದಲ್ಲಿ ಬೆಸೆದುಕೊಂಡಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಆ ಬೆಸುಗೆಯನ್ನು ಹಾಕಿತು. ದೇಶದ ವಿದ್ಯುತ್ತು ರಾಜ್ಯಕ್ಕೆ ಸುಲಭವಾಗಿ ಒದಗಿದಂತೆಯೇ, ದೂರದ ಅವಘಡವೂ ಈಗ ಇಲ್ಲಿಯವರೆಗೆ ಹರಿದುಬರಬಲ್ಲದು.

ಪರಮಾಣು ಕ್ಷೇತ್ರದಲ್ಲಿ ಈ ಶಿಸ್ತು ಇನ್ನೂ ಬಿಗಿ. ಉತ್ತರ ಕನ್ನಡದ ಕೈಗಾದಲ್ಲಿರುವಂತಹ 220 ಮೆಗಾವ್ಯಾಟ್ ಘಟಕಗಳ ನಿರ್ವಾಹಕರು ಪರವಾನಗಿ ಪಡೆಯುವ ಮುನ್ನ ನಿಯಂತ್ರಣ ಕೊಠಡಿಯ ಪ್ರತಿಕೃತಿಯಲ್ಲಿ ಪಳಗಬೇಕು. ಕೈಗಾದ ಒಂದನೆಯ ಘಟಕ 2018ರ ಡಿಸೆಂಬರ್ ಅಂತ್ಯಕ್ಕೆ 962 ದಿನಗಳ ನಿರಂತರ ಕಾರ್ಯಾಚರಣೆಯ ಅಂದಿನ ವಿಶ್ವದಾಖಲೆ ಬರೆಯಿತು. ಇಷ್ಟು ಸುಗಮವಾಗಿ ನಡೆಯುವ ಸ್ಥಾವರದಲ್ಲಿ ತುರ್ತು ಸ್ಥಿತಿಯ ಅನುಭವ ಸಿಮ್ಯುಲೇಟರ್‌ನಲ್ಲಲ್ಲದೆ ಬೇರೆಲ್ಲಿ ದೊರೆಯಬೇಕು?

ತೇಜಸ್ ಹಾರುವ ಮುನ್ನ

ಸಿಮ್ಯುಲೇಟರ್ ಮನುಷ್ಯನಿಗೆ ತರಬೇತಿ ಕೊಡುವಂತೆಯೇ ಯಂತ್ರವನ್ನು ಪರೀಕ್ಷೆಗೂ ಒಡ್ಡುತ್ತದೆ. ಇದಕ್ಕೆ ಬೆಂಗಳೂರಿನ ಹಗುರ ಯುದ್ಧವಿಮಾನವೇ ಸಾಕ್ಷಿ. ಚುರುಕುತನಕ್ಕಾಗಿ ಅದನ್ನು ಸ್ವಭಾವತಃ ಅಸ್ಥಿರವಾಗಿ ವಿನ್ಯಾಸಗೊಳಿಸಲಾಗಿದೆ. ಗಣಕದ ನೆರವಿಲ್ಲದೆ ಪೈಲಟ್ ಅದನ್ನು ಹಾರಿಸಲಾರ. ಆ ಗಣಕಕ್ಕೆ ಬೇಕಾದ ನಿಯಂತ್ರಣ ಸೂತ್ರಗಳನ್ನು ರೂಪಿಸಲು 1992ರಲ್ಲಿ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ನೇತೃತ್ವದಲ್ಲಿ ತಂಡ ರಚನೆಯಾಯಿತು.

ಇಲ್ಲಿನ ಅಪಾಯ ಸಣ್ಣದಲ್ಲ. ಸ್ವೀಡನ್ನಿನ ಗ್ರಿಪೆನ್ 1989ರಲ್ಲಿ ಇಳಿಯುವಾಗ ಅಪ್ಪಳಿಸಿತು, 1993ರಲ್ಲಿ ಸ್ಟಾಕ್‌ಹೋಮ್‌ನ ಜನರ ಕಣ್ಣೆದುರೇ ಮತ್ತೊಂದು ಬಿದ್ದಿತು. ಅಮೆರಿಕದ ವೈಎಫ್-22 ಸಹ 1992ರಲ್ಲಿ ನೆಲಕ್ಕೆರಗಿತು. ಮೂರರಲ್ಲೂ ಪೈಲಟ್ ಮತ್ತು ಗಣಕ ಒಬ್ಬರನ್ನೊಬ್ಬರು ತಿದ್ದುವ ಭರದಲ್ಲಿ ಓಲಾಟ ಹೆಚ್ಚಿಸಿದ್ದವು. ಮನುಷ್ಯನನ್ನು ಹೊರಗಿಟ್ಟ ಲೆಕ್ಕಾಚಾರದಲ್ಲಿ ಇಂತಹ ದೋಷ ಸುಲಭವಾಗಿ ಕಾಣಿಸದು.

ಆದ್ದರಿಂದಲೇ ಪರೀಕ್ಷಾ ಪೈಲಟ್‌ಗಳು ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯ ನೈಜಕಾಲ ಸಿಮ್ಯುಲೇಟರ್‌ನಲ್ಲಿ ಕುಳಿತು ಸೂತ್ರಗಳನ್ನು ಒರೆಗೆ ಹಚ್ಚಿದರು. 1996ರಲ್ಲಿ ಅಮೆರಿಕದಲ್ಲಿ, ಬೇರೆ ವಿಮಾನದಂತೆ ವರ್ತಿಸಬಲ್ಲ ವಿಶೇಷ ಎಫ್-16 ವಿಮಾನದ ಮೇಲೂ ಅವುಗಳ ಪರೀಕ್ಷೆ ನಡೆಯಿತು. 1998ರ ಪೋಖ್ರಾನ್ ಸ್ಫೋಟದ ನಂತರ ಅಮೆರಿಕ ನಿರ್ಬಂಧ ಹೇರಿ ಸಹಕಾರ ಕಡಿದುಕೊಂಡಾಗ ಉಳಿದ ಕೆಲಸವನ್ನು ಇಲ್ಲಿಯೇ ಪೂರೈಸಬೇಕಾಯಿತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ವಿಮಾನವನ್ನು ಮೊದಲ ಬಾರಿಗೆ ಆಗಸಕ್ಕೇರಿಸಿ ಸುರಕ್ಷಿತವಾಗಿ ಇಳಿಸಿದರು. ಮುಂದೆ ತೇಜಸ್ ಎಂದು ಹೆಸರಾದ ಈ ವಿಮಾನ 2016ರ ಜುಲೈ 1ರಂದು ವಾಯುಪಡೆಯನ್ನು ಸೇರಿತು.

ಮಿತಿಗಳೇನು?

ಸಿಮ್ಯುಲೇಟರ್ ಬಲ್ಲದ್ದು ಅದನ್ನು ರೂಪಿಸಿದವರು ಊಹಿಸಿದ್ದನ್ನು ಮಾತ್ರ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಸ್ಥಾವರದಲ್ಲಿ ಅವಘಡವಾದಾಗ, ನಿರ್ವಾಹಕರು ಅಭ್ಯಾಸ ಮಾಡಿದ್ದ ಪಾಠಗಳಲ್ಲಿ ಅಂತಹ ಸನ್ನಿವೇಶವೇ ಇರಲಿಲ್ಲ. 2018 ಮತ್ತು 2019ರಲ್ಲಿ ಎರಡು ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳು ಬಿದ್ದು 346 ಮಂದಿ ಅಸುನೀಗಿದರು. ಹೊಸ ವಿಮಾನಕ್ಕೆ ಪ್ರತ್ಯೇಕ ಸಿಮ್ಯುಲೇಟರ್ ತರಬೇತಿ ಬೇಡವೆಂದಿದ್ದ ಕಂಪನಿ, 2020ರಲ್ಲಿ ಅದನ್ನು ತಾನೇ ಶಿಫಾರಸು ಮಾಡಿತು.

ಇನ್ನೊಂದು ತೊಡಕು ಮನಸ್ಸಿನದು. ಇದು ಅಭ್ಯಾಸವೆಂದು ತಿಳಿದಿರುವವನು ನಿಜದ ಭಯವನ್ನು ಅನುಭವಿಸುವುದಿಲ್ಲ. ಏನೋ ಆಗಲಿದೆ ಎಂಬ ನಿರೀಕ್ಷೆಯಲ್ಲೇ ಆತ ಕುಳಿತಿರುತ್ತಾನೆ. ನಿಜ ಜೀವನದ ಸಂಕಟ ಮುನ್ಸೂಚನೆ ಕೊಟ್ಟು ಬರುವುದಿಲ್ಲ. ಹೀಗಾಗಿಯೇ ಜಾಲ ಪೂರ್ಣ ಕುಸಿದ ನಂತರ ಜಲವಿದ್ಯುತ್ ಘಟಕಗಳ ನೆರವಿನಿಂದ ಅದನ್ನು ಮತ್ತೆ ಎಬ್ಬಿಸುವ ವಿಧಾನವನ್ನು ನಿಯತಕಾಲಿಕವಾಗಿ ನೈಜ ಸಲಕರಣೆಗಳ ಮೇಲೆಯೇ ಅಣಕು ಕಾರ್ಯಾಚರಣೆಯಾಗಿ ನಡೆಸಬೇಕೆಂದು ಭಾರತೀಯ ಗ್ರಿಡ್ ಸಂಹಿತೆ ವಿಧಿಸುತ್ತದೆ.

ಸಿಗಂದೂರಿನ ಸೇತುವೆಯಿಂದ ಕಾಣುವ ನೀರು ಬರಿಯ ನೋಟವಲ್ಲ, ರಾಜ್ಯದ ಆಪತ್ಕಾಲದ ನಿಧಿ. ಅದನ್ನು ಸರಿಯಾದ ಗಳಿಗೆಯಲ್ಲಿ ಬೆಳಕಾಗಿಸುವ ಹೊಣೆ ಕೊನೆಗೂ ಮನುಷ್ಯನ ಕೈಯಲ್ಲಿದೆ. ಆ ಕೈ ತಪ್ಪು ಮಾಡಬೇಕಾದದ್ದು ಸಿಮ್ಯುಲೇಟರ್‌ನ ಎದುರೇ ಹೊರತು ಕೋಟ್ಯಂತರ ಮನೆಗಳ ದೀಪದೊಂದಿಗಲ್ಲ.